ಪಾದೆಯ ಫೋಟೋ ಮತ್ತು ನನ್ನ ವರ್ಗಾವಣೆ ಅರ್ಜಿ

ಇಲ್ಲಿಗೆ ಬಂದ ಮೊದಲ ದಿನ ನನಗೆ ಆಕಾಶವೇ ಸಿಗಲಿಲ್ಲ. ಸುಳ್ಳು ಅನ್ನಬೇಡ್ರಿ. ಇಂಡಿ ತಾಲೂಕಿನ ಬಯಲಲ್ಲಿ ಬೆಳೆದವ ನಾನು, ಮೂರು ಊರಿನಾಚೆ ಸುರಿಯುವ ಮಳೆಯನ್ನು ನಮ್ಮ ಕಟ್ಟೆಯ ಮೇಲೆ ಕೂತು ನೋಡಿದವ. ಬಂಟ್ವಾಳದಲ್ಲಿ ಬಸ್ಸಿಳಿದು ತಲೆ ಎತ್ತಿದರೆ ತೆಂಗಿನ ಗರಿ, ಗರಿಯ ಹಿಂದೆ ಗುಡ್ಡ, ಆ ಗುಡ್ಡದ ಹಿಂದೆ ಮತ್ತೊಂದು ಗುಡ್ಡ. ಆಕಾಶ ಅಂದರೆ ನಮ್ಮನೆಯ ಬೆಳಕಿಂಡಿಯಷ್ಟು. ಅಂದೇ ಸಂಜೆ ಊರಿಗೆ ವರ್ಗಾವಣೆ ಕೇಳಿ ಅರ್ಜಿ ಬರೆಯಲು ಕೂತೆ. ಮೊದಲು ಕೆಲಸಕ್ಕೆ ಹಾಜರಾಗು, ಆಮೇಲೆ ಓಡಿ ಹೋಗುವಿಯಂತೆ ಎಂದು ರೂಮಿನಲ್ಲಿದ್ದ ಗದಗಿನ ಡ್ರೈವರ್ ನಕ್ಕ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಇಲ್ಲಿ ನನ್ನಂಥವರು ಬಹಳ ಮಂದಿ. ಘಟ್ಟದ ಮೇಲಿನಿಂದ ಇಳಿದು ಬಂದ ನಮಗೆ ಇಲ್ಲಿಯವರು ಘಟ್ಟದವರು ಅನ್ನುತ್ತಾರೆ. ವರ್ಷಕ್ಕೊಂದು ವರ್ಗಾವಣೆ ಅರ್ಜಿ ಹಾಕುವುದು ನಮ್ಮ ವ್ರತ. ನಾನೂ ಆರು ವರ್ಷ ತಪ್ಪದೆ ಹಾಕಿದೆ.

ನಮ್ಮ ಕಡೆ ಕಂಡಕ್ಟರನ ದನಿ ಹಿಂದಿನ ಸೀಟಿನ ಕಿವುಡಜ್ಜನಿಗೂ ಮುಟ್ಟಬೇಕು. ಇಲ್ಲಿ ಅದೇ ದನಿಯಲ್ಲಿ "ಒಳಗ ನಡೀರಿ" ಎಂದೆ. ಯಾಕೆ ಸ್ವಾಮಿ ಜಗಳ ಮಾಡ್ತೀರಿ ಎಂದು ಟೀಚರಮ್ಮ ಒಬ್ಬರು ಮೆಲ್ಲಗೆ ಕೇಳಿದರು. ದನಿ ಇಳಿಸಿದೆ. ತುಳು ಕಲಿತೆ. "ಓಡೆ ಪೋವೊಡು?" ಅಂದರೆ ಎಲ್ಲಿಗೆ ಹೋಗಬೇಕು ಅಂತ. ಅದು ನಾಲಿಗೆಗೆ ಎಷ್ಟು ಹತ್ತಿತೆಂದರೆ, ಒಮ್ಮೆ ಧರ್ಮಸ್ಥಳಕ್ಕೆ ಹೊರಟಿದ್ದ ನಮ್ಮ ಕಡೆಯವರೊಬ್ಬರನ್ನೂ ಹಾಗೇ ಕೇಳಿದೆ. ಅವರು ಹೆಂಡತಿಯತ್ತ ತಿರುಗಿ, ಈ ಮಂದಿಗೆ ಕನ್ನಡ ಬರೂದಿಲ್ಲ ನೋಡು ಎಂದರು. ಟಿಕೆಟ್ ಹರಿದುಕೊಟ್ಟೆ. ಕುಚ್ಚಲಕ್ಕಿ ಗಂಜಿಗೂ ಹೊಂದಿಕೊಂಡೆ, ಆದರೆ ಅವ್ವ ಕಳಿಸುವ ಜೋಳದ ಹಿಟ್ಟು ಮುಗಿದ ವಾರ ಇವತ್ತಿಗೂ ನನ್ನನ್ನು ಯಾರೂ ಮಾತಾಡಿಸಬಾರದು.

ಎರಡನೆಯ ವರ್ಷ ನನಗೆ ಬಿ.ಸಿ. ರೋಡಿನಿಂದ ಮಡಂತ್ಯಾರು ದಾಟಿ ಒಳಗೆ ಹೋಗುವ ರೂಟ್ ಸಿಕ್ಕಿತು. ಕೊನೆಯ ಸ್ಟಾಪಿನಲ್ಲಿ ಇದಿನಬ್ಬ ಬ್ಯಾರಿ ಎಂಬ ಹಿರಿಯರ ಚಾದಂಗಡಿ. ಎಲ್ಲರೂ ಅವರಿಗೆ ಕಾಕ ಅನ್ನುತ್ತಾರೆ. ನಮ್ಮಲ್ಲೂ ಅಪ್ಪನ ತಮ್ಮನಿಗೆ ಕಾಕಾ ಎಂದೇ ಅನ್ನುವುದರಿಂದ ನಾಲಿಗೆಗೆ ತ್ರಾಸಾಗಲಿಲ್ಲ. ಬಸ್ಸು ಅಲ್ಲಿ ಹದಿನೈದು ನಿಮಿಷ ನಿಲ್ಲುತ್ತದೆ. ಒಂದು ಬೆಳಿಗ್ಗೆ ಕಾಲಾಡಿಸಲೆಂದು ಅಂಗಡಿಯ ಹಿಂದಿನ ಏರು ಹತ್ತಿದೆ. ಮೇಲೆ ಪಾದೆ.

ಪಾದೆ ಅಂದರೆ ಮುರಕಲ್ಲಿನ, ಅದೇ ಕೆಂಪುಕಲ್ಲಿನ, ಬಟ್ಟ ಬಯಲು. ಮರವಿಲ್ಲ, ಮನೆಯಿಲ್ಲ. ಮಳೆಗಾಲದಲ್ಲಿ ಕಲ್ಲಿನ ಸಂದಿನಿಂದ ಸಣ್ಣ ನೀಲಿ ಹೂ ಏಳುತ್ತದೆ, ಬೇಸಿಗೆಯಲ್ಲಿ ಅಂಗಾಲು ಸುಡುತ್ತದೆ. ಮತ್ತು ಅಲ್ಲಿ ಆಕಾಶವಿತ್ತು, ಈ ತುದಿಯಿಂದ ಆ ತುದಿಯವರೆಗೆ. ನಾನು ಅಲ್ಲೇ ಕುಕ್ಕರಿಸಿದೆ. ಅದು ನಮ್ಮೂರ ಮಡ್ಡಿಯೇ, ಬೆಳೆ ಬಾರದ ಅದೇ ಕಲ್ಲುನೆಲ. ಅಪ್ಪ ಆಡು ಮೇಯಿಸುತ್ತಿದ್ದ, ಈಗ ಸೋಲಾರ್ ಹಲಗೆಗಳ ಕೆಳಗೆ ಹೋಗಿರುವ ಮಡ್ಡಿ. ಅದರದೊಂದು ಫೋಟೋ ನನ್ನ ಹತ್ತಿರವಿಲ್ಲ. ಮದುವೆಯ ಫೋಟೋ ಉಂಟು, ಜವಳದ ಫೋಟೋ ಉಂಟು. ಮಡ್ಡಿಯ ಫೋಟೋ ಯಾವ ಹುಚ್ಚ ತೆಗೀತಾನೆ? ಅವತ್ತು ನಾನು ಆ ಹುಚ್ಚನಾದೆ. ಒಂದೇ ಚಪ್ಪಟೆ ಕಲ್ಲಿನ ಮೇಲೆ ನಿಂತು, ಒಂದೇ ದಿಕ್ಕಿಗೆ, ಡ್ಯೂಟಿ ಇದ್ದ ಪ್ರತಿ ಬೆಳಿಗ್ಗೆ ಮೊಬೈಲಿನಲ್ಲಿ ಒಂದು ಫೋಟೋ.

ಮುಂದಿನ ವರ್ಷ ಕಲ್ಲು ಕೊಯ್ಯುವ ಯಂತ್ರ ಬಂತು. ಇಲ್ಲಿ ಗೋಡೆಯೆಂದರೆ ಕೆಂಪುಕಲ್ಲು. ನಾನು ಮಲಗುವ ರೂಮೂ ಅದರದ್ದೇ, ಅಲ್ಲ ಅನ್ನುವುದಿಲ್ಲ. ಆದರೆ ಕಣ್ಣೆದುರೇ ಬಯಲು ಗುಂಡಿಯಾಗುತ್ತಿತ್ತು. ತಿಂಗಳಿಗೊಂದು ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟೆ, ಕಾಕ ಅಂಗಡಿಯ ಗೋಡೆಗೆ ಸಾಲಾಗಿ ಮೊಳೆ ಹೊಡೆದು ತೂಗುಹಾಕಿದರು. ಮೊದಮೊದಲು ಜನ ಚುಡಾಯಿಸಿದರು: ಇದೆಂಥ ಫೋಟೋ ಮಾರಾಯ್ರೇ, ಒಂದು ನರಪಿಳ್ಳೆ ಇಲ್ಲ. ಸಾಲು ಬೆಳೆದಂತೆ ಚುಡಾಯಿಸುವುದು ನಿಂತಿತು. ಗ್ಲಾಸು ಹಿಡಿದು ಮೊದಲ ಫೋಟೋದಿಂದ ಕೊನೆಯದರವರೆಗೆ ನಡೆಯುತ್ತಿದ್ದರು, ಕೊನೆಗೆ ಬರುವಷ್ಟರಲ್ಲಿ ಚಾ ಆರಿರುತ್ತಿತ್ತು. ಸೌದಿಯ ದಮ್ಮಾಮಿನಲ್ಲಿರುವ ಕಾಕನ ಮಗ ಸಾಲಿನ ಚಿತ್ರ ತರಿಸಿಕೊಂಡು, ನಾವು ಕ್ರಿಕೆಟ್ ಆಡಿದ ಜಾಗ ಎಷ್ಟನೇ ಫೋಟೋದಲ್ಲಿ ಹೋಯಿತು ಎಂದು ಕೇಳಿದ.

ಈ ಚಳಿಗಾಲದಲ್ಲಿ ಕಲ್ಲು ಕೊಯ್ಯಿಸುತ್ತಿರುವ ಪಾದೆಯ ಯಜಮಾನರು ಸಂಜೀವಣ್ಣ ಅಂಗಡಿಗೆ ಬಂದರು. ಕೆಟ್ಟ ಮನುಷ್ಯರಲ್ಲ, ನನ್ನ ಬಸ್ಸಿನಲ್ಲಿ ಚಿಲ್ಲರೆ ಬಿಟ್ಟುಕೊಟ್ಟವರೇ. ದುಬೈಯಲ್ಲಿರುವ ಅವರ ಅಕ್ಕ ಯಾರೋ ಕಳಿಸಿದ ಈ ಚಿತ್ರಗಳನ್ನು ನೋಡಿ ಫೋನಿನಲ್ಲಿ ಅತ್ತರಂತೆ. ಎಲ್ಲ ಇಳಿಸಿ ಎಂದು ಸಂಜೀವಣ್ಣ ಕಾಕನಿಗೆ ಹೇಳಿದರು. ಗೋಡೆ ನನ್ನದು, ಫೋಟೋ ಕಂಡಕ್ಟರದ್ದು, ಅವರನ್ನೇ ಕೇಳಿ ಎಂದರು ಕಾಕ, ಹಾಲು ಕಾಸುತ್ತಲೇ.

ಇಳಿಸುವುದಿಲ್ಲ ಎಂದೆ.

"ಮೇಲೆ ನನಗೆ ಜನ ಉಂಟು," ಎಂದರು ಸಂಜೀವಣ್ಣ. "ಇನ್ನೊಂದು ಫೋಟೋ ಹಾಕಿದರೆ ನಿಮ್ಮನ್ನು ಸೀದಾ ನಿಮ್ಮ ಊರಿಗೇ ವರ್ಗ ಮಾಡಿಸ್ತೇನೆ, ನೋಡಿ."

ಅಂಗಡಿಗೆ ಅಂಗಡಿಯೇ ನಕ್ಕಿತು. ನನ್ನ ಅರ್ಜಿಗಳ ಕಥೆ ಗೊತ್ತಿಲ್ಲದವರು ಅಲ್ಲಿ ಅವರೊಬ್ಬರೇ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅವ್ವನಿಗೆ ಫೋನ್ ಹಚ್ಚಿ ಹೇಳಿದರೆ, ಒಂದಲ್ಲ ಎರಡು ಫೋಟೋ ಹಾಕು ಎಂದಳು.

ಎರಡು ದಿನ ನಾನೂ ನಕ್ಕೆ. ಮೂರನೆಯ ದಿನ ಸಿಟ್ಟು ಬಂತು. ನನ್ನ ಊರು ಇವರಿಗೆ ಶಿಕ್ಷೆಯೇ? ಬಾಲ್ಯ ಕಳೆದ ನೆಲಕ್ಕೆ ನಾನು ಶಿಕ್ಷೆಯಾಗಿ ಹೋಗಬೇಕೇ? ಪಾದೆ ಮೂರರಲ್ಲಿ ಒಂದು ಪಾಲು ಉಳಿದಿತ್ತು, ನಾನು ನಿಲ್ಲುವ ಚಪ್ಪಟೆ ಕಲ್ಲೂ ಅದರಲ್ಲೇ. ನಾನು ಹೋದರೆ ಅದು ಯಾರೂ ನೋಡದೆ ಹೋಗುತ್ತದೆ, ನಮ್ಮ ಮಡ್ಡಿ ಹೋದ ಹಾಗೆ. ಮರುದಿನ ಆಫೀಸಿಗೆ ಹೋಗಿ ವರ್ಗಾವಣೆ ಅರ್ಜಿ ವಾಪಸ್ ತೆಗೆದುಕೊಂಡೆ, ಇಲ್ಲೇ ಇರಲು ಬಿಡಿ ಎಂದು ಬರೆದುಕೊಟ್ಟೆ. ತಲೆ ಸರಿ ಉಂಟಾ ನಿಮಗೆ ಎಂದು ಗುಮಾಸ್ತರು ಕೇಳಿದರು. ಉಂಟು ಎಂದೆ.

ಅವ್ವನಿಗೆ ಹೇಳುವುದೇ ಕಷ್ಟವಾಯಿತು.

"ನಮ್ಮ ಮಡ್ಡಿ ಹೋಗುವಾಗ ನೀ ಒಂದ್ ಮಾತ್ ಆಡಲಿಲ್ಲ," ಎಂದಳು. "ಈಗ ಮಂದಿ ಊರಿನ ಕಲ್ಲಿಗೆ ನಿಂತೀ."

"ಅದಕ್ಕ ನಿಂತೀನಿ, ಅವ್ವಾ," ಎಂದೆ. ಅವಳು ಫೋನ್ ಇಟ್ಟಳು. ಹಿಟ್ಟು ಕಳಿಸುವುದನ್ನು ಮಾತ್ರ ನಿಲ್ಲಿಸಿಲ್ಲ.

ಇಲ್ಲಿ ನಾನು ಘಟ್ಟದವ. ರಜೆಗೆ ಊರಿಗೆ ಬಂದರೆ ನಮ್ಮೂರಿನವರಾದ ನೀವು ಕರಾವಳಿಯವ ಬಂದ ಅನ್ನುತ್ತೀರಿ. ಅನ್ನಿ, ಎರಡೂ ಸುಳ್ಳಲ್ಲ. ಆ ವಾರ ಕಾಕನಿಗೆ ಹೇಳಿ, ಸಾಲಿನ ಮೊದಲ ಫೋಟೋಗೂ ಮುಂಚೆ ಇನ್ನೊಂದು ಮೊಳೆ ಹೊಡೆಸಿದೆ. ಅದಕ್ಕೆ ಏನೂ ತೂಗುಹಾಕಿಲ್ಲ. ಕೇಳಿದವರಿಗೆ ಅದು ನಮ್ಮೂರ ಮಡ್ಡಿ ಅನ್ನುತ್ತೇನೆ.

ಮೊನ್ನೆ ಸಂಜೀವಣ್ಣ ಮತ್ತೆ ಬಂದರು. ಹೊಸ ಫೋಟೋ ನೋಡಿದರು, ಆ ಖಾಲಿ ಮೊಳೆಯ ಎದುರೂ ಸ್ವಲ್ಪ ಹೊತ್ತು ನಿಂತರು.

"ಇನ್ನೂ ಹೋಗಲಿಲ್ವಾ ನೀವು?"

"ಇಲ್ರಿ," ಎಂದೆ. "ಕಾಕನ ಡಬ್ಬಿಯಲ್ಲಿ ಮೊಳೆ ಇನ್ನೂ ಅದಾವು."