ಸಿಗರೇಟು ದುಬಾರಿಯಾದ ವರ್ಷ

ನಾನು ಜನ್ಮದಲ್ಲಿ ಸಿಗರೇಟು ಮುಟ್ಟಿದವಳಲ್ಲ. ಆದರೂ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಪ್ಯಾಕಿಂಗ್ ಕಾರ್ಖಾನೆಯ ಹಿಂದೆ, ಸೇದುವವರಿಗೆಂದು ಬಿಟ್ಟಿದ್ದ ತಗಡಿನ ಮಾಡಿನ ಕೆಳಗೆ ದಿನಾ ಮಧ್ಯಾಹ್ನ ಟೀ ಹಿಡಿದು ನಿಲ್ಲುತ್ತಿದ್ದೆ. ಇಡೀ ಕಾರ್ಖಾನೆಯಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಬಲ್ಲ ಒಬ್ಬರೇ ಒಬ್ಬರು ಅಲ್ಲಿಗೆ ಬರುತ್ತಿದ್ದರು. ಉಡುಪಿ ಕಡೆಯ ಸೂಪರ್‌ವೈಸರ್, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ಮನೆಮಾತು ತುಳು. ನಾನು ಮೈಸೂರಿನವಳು, ಅಕೌಂಟ್ಸ್ ವಿಭಾಗದಲ್ಲಿ ಒಬ್ಬಳೇ ಹೆಂಗಸು. ಹೊಗೆ ನನ್ನ ಕಡೆ ಬಾರದಂತೆ ಅವರು ಗಾಳಿ ನೋಡಿಕೊಂಡು ನಿಲ್ಲುತ್ತಿದ್ದರು. "ಎಂತ ಮೇಡಂ, ಇವತ್ತೂ ಮೊಸರನ್ನವಾ?" ಎಂದು ಶುರುವಾದ ಮಾತು ಸಿಗರೇಟು ಮುಗಿಯುವವರೆಗೆ ನಡೆಯುತ್ತಿತ್ತು. ಕೆಲವೊಮ್ಮೆ ಇನ್ನೊಂದು ಹಚ್ಚುತ್ತಿದ್ದರು. ನನಗೆ ಅದೇ ಬೇಕಿತ್ತು.

ಆ ವರ್ಷ ಸರ್ಕಾರ ತಂಬಾಕಿನ ಮೇಲೆ ತೆರಿಗೆ ಹಾಕಿತು. ಜನ ಸೇದುವುದು ಕಡಿಮೆಯಾಗಲಿ, ಬೊಕ್ಕಸವೂ ತುಂಬಲಿ ಎಂಬ ಲೆಕ್ಕ. ಪ್ಯಾಕಿನ ಬೆಲೆ ಎರಡು ಪಟ್ಟಾಯಿತು. ಕೆಲವೇ ದಿನಗಳಲ್ಲಿ ಅವರು ಬರಿಗೈಯಲ್ಲಿ ಬಂದರು.

"ಖಲಾಸ್ ಮೇಡಂ! ಹೆಂಡತಿ ಹೇಳಿ ಹೇಳಿ ಸೋತ್ಲು, ಡಾಕ್ಟ್ರು ಹೇಳಿದ್ರೂ ಬಿಡ್ಲಿಲ್ಲ. ಅಂಗಡಿಯವ ರೇಟು ಹೇಳಿದ ಕೂಡ್ಲೇ ಬಿಟ್ಟೆ ಮಾರಾಯ್ರೆ!"

"ಒಳ್ಳೇದಾಯ್ತು ಬಿಡಿ ಅಣ್ಣ," ಎಂದೆ. ಅವರ ಕೆಮ್ಮು ಕೇಳಿ ನಾನೂ ಹೆದರಿದ್ದೆ. ಖುಷಿ ನಿಜವಾಗಿಯೂ ಆಗಿತ್ತು.

ಮರುದಿನ ಅವರು ಬರಲಿಲ್ಲ. ಆಮೇಲೂ ಬರಲಿಲ್ಲ. ಕ್ಯಾಂಟೀನಿನಲ್ಲಿ ಗಂಡಸರದೇ ಗುಂಪು, ನಮ್ಮ ಆಫೀಸು ಮಹಡಿಯ ಮೇಲೆ. ಇಬ್ಬರೂ ನಿಂತು ಮಾತಾಡಲು ಬೇರೆ ಜಾಗವೇ ಇರಲಿಲ್ಲ. ಒಮ್ಮೆ ಗೇಟಿನ ಹತ್ತಿರ ಸಿಕ್ಕಾಗ ಕೇಳಿಯೇಬಿಟ್ಟೆ, "ಸುಮ್ನೆ ಟೀ ಕುಡಿಯೋಕಾದ್ರೂ ಬರಬಹುದಲ್ವಾ ಅಣ್ಣ?"

ಅವರು ತುಸು ಸಂಕೋಚಪಟ್ಟರು. "ಆ ಜಾಗಕ್ಕೆ ಬಂದ್ರೆ ಕೈ ತನ್ನಷ್ಟಕ್ಕೆ ಕಿಸೆಗೆ ಹೋಗ್ತದೆ ಮೇಡಂ. ಆ ಹೊತ್ತಿಗೆ ಈಗ ಮನೆಗೆ ಫೋನ್ ಮಾಡ್ತೇನೆ. ಬೇಜಾರು ಮಾಡ್ಬೇಡಿ, ಆಯ್ತಾ?"

ಬೇಜಾರೇನೂ ಇಲ್ಲ ಎಂದೆ.

ಕೆಲವು ತಿಂಗಳ ನಂತರ ರಜೆಯ ವಿಚಾರಕ್ಕೆ ಅವರು ನಮ್ಮ ಆಫೀಸಿಗೆ ಬಂದರು. "ನೋಡಿ, ಮೆಟ್ಟಿಲು ಹತ್ತಿಯೇ ಬಂದೆ. ಈಗ ದಮ್ಮು ಕಟ್ಟುದೇ ಇಲ್ಲ!" ಮುಖ ತುಂಬಿಕೊಂಡಿತ್ತು. ಕೆಲಸ ಮುಗಿಸಿ ಬೇಗ ಹೊರಟುಹೋದರು. ಅವರ ಫೋನಿನ ಹೊತ್ತಾಗಿತ್ತು.

ಈಗ ನಾನು ಟೀಯನ್ನು ಮೇಜಿಗೇ ತರಿಸಿಕೊಳ್ಳುತ್ತೇನೆ. ಲೆಕ್ಕ ಕೂಡುವಾಗ ಅಂಕಿಗಳನ್ನು ಕನ್ನಡದಲ್ಲಿ ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳುವುದು ರೂಢಿಯಾಗಿದೆ. ಪಕ್ಕದ ಮೇಜಿನ ಈಜಿಪ್ಟಿನವನು ಮೊನ್ನೆ, ಯಾರ ಜೊತೆ ಮಾತು ಎಂದು ಕೇಳಿದ. ಯಾರೂ ಇಲ್ಲ ಎಂದೆ.