ಫ್ರಿಜ್ ಚಾಚಾ ಮಾಡಿದ ಹಿಮದ ಹಲಗೆ

ಅವರ ಎಡಗಿವಿ ಯಾವಾಗಲೂ ಕಪ್ಪಗಿರುತ್ತಿತ್ತು. ಬಲಗಿವಿಯೂ ಇದ್ದಿರಬಹುದು, ಈ ವಿಷಯದಲ್ಲಿ ನಾನು ಆಣೆ ಮಾಡಲಾರೆ. ಎಣ್ಣೆ, ಧೂಳು ಎರಡೂ ಕೂಡಿ ಹಾಲೆಯವರೆಗೆ ಹರಡಿಕೊಂಡ ಒಂದು ಹೊಳೆಯುವ ಕಪ್ಪು ಅದು. ರಂಜಾನ್ ದಿನ ಬಿಳಿ ಜುಬ್ಬಾ, ಹೊಸ ಟೋಪಿ, ಅತ್ತರು ಎಲ್ಲ ಏರಿದರೂ ಆ ಕಿವಿ ಮಾತ್ರ ಕೆಲಸಕ್ಕೆ ಹೊರಟಂತೆಯೇ ಕಾಣುತ್ತಿತ್ತು.

ಇನ್ನು ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಹೇಳಿ ಹೇಳಿ ಗಟ್ಟಿ ಮಾಡಿಕೊಂಡದ್ದು, ಗೊತ್ತಿಲ್ಲ. ಕಡಗಂಚಿಯ ಕ್ಯಾಂಪಸ್ಸಿನಲ್ಲಿ ಎರಡು ವರ್ಷ ಭೌತಶಾಸ್ತ್ರ ಓದಿದವನು ನಾನು. ಅಳೆದು ನೋಡದ ಮಾತನ್ನು ನಂಬಬೇಡ ಎಂದು ಅಲ್ಲಿ ಕಲಿತೆ. ಊರಿಗೆ ಬಂದ ಮೇಲೆ ಎಲ್ಲರಿಗಿಂತ ಹೆಚ್ಚು ಕಥೆ ಹೇಳುವವನೂ ನಾನೇ ಆದೆ.

ಅವರು ಆಳಂದದಲ್ಲಿ ನಮ್ಮ ಓಣಿಯ ಫ್ರಿಜ್ ಮಿಸ್ತ್ರಿ. ನಮ್ಮ ಮನೆಗೆ ಎರಡು ಬಾಗಿಲು ಆಚೆ ಅವರ ತಗಡಿನ ಅಂಗಡಿ. ನಾನು ಚಾಚಾ ಅನ್ನುತ್ತಿದ್ದೆ. ಅವರು ನನ್ನನ್ನು 'ಎಮ್ಮೆಸ್ಸಿ' ಎಂದು ಕರೆಯುತ್ತಿದ್ದರು, ಅರ್ಧ ಗೌರವದಿಂದ, ಅರ್ಧ ಚಾಷ್ಟಿಯಿಂದ. ಯಾವ ಫ್ರಿಜ್ಜಿನ ಮುಂದೆ ಕೂತರೂ ಮೊದಲು ಸ್ಕ್ರೂಡ್ರೈವರ್ ತೆಗೆಯುತ್ತಿರಲಿಲ್ಲ. ಕಂಪ್ರೆಸರ್ ಮೇಲೆ ಕಿವಿ ಇಡುತ್ತಿದ್ದರು. ಅಫಜಲಪುರ, ಜೇವರ್ಗಿಯಿಂದಲೂ ಕರೆ ಬರುತ್ತಿತ್ತು. ಒಮ್ಮೆ ಅವರ ಬೈಕಿನ ಹಿಂದೆ ಕೂತು ನಾನೂ ಇಜೇರಿಗೆ ಹೋಗಿದ್ದೆ. ಆ ಮನೆಯ ಯಜಮಾನ, "ನಿನ್ನಿ ತನಕ ಭಾಳ ಚಲೋ ಇತ್ತ್ರಿ" ಅಂದ. ಚಾಚಾ ಕಿವಿ ಇಟ್ಟು ಕಣ್ಣು ಮುಚ್ಚಿದರು.

"ಹದಿನೈದು ದಿನದಿಂದ ಬಾಗಲಾ ಸರಿ ಮುಚ್ಚಿಲ್ರಿ ನೀವು. ಪಾಪ, ಓಡಿ ಓಡಿ ಸತ್ತದ ಇದು."

ಒಳಗಿನಿಂದ ಯಜಮಾನನ ತಾಯಿ ಕೂಗಿದರು: "ಖರೇ ಹೇಳಾಕತ್ತಾನ ನೋಡು! ಹಗಲೆಲ್ಲ ಬಾಗಲಾ ತೆಗೆದು ಮುಂದ ನಿಂದರ್ತಾನ್ರಿ ಇಂವ, ತಂಪು ಗಾಳಿ ಬರ್ತದಂತ!"

ವಾಪಸ್ ಬರುವಾಗ ಚಾಚಾ ಹೇಳಿದ್ದು ಚೆನ್ನಾಗಿ ನೆನಪಿದೆ: "ಮಷೀನಿಗೆ ಸುಳ್ಳು ಬರಂಗಿಲ್ಲ ಎಮ್ಮೆಸ್ಸಿ. ಅದಕ್ಕ ನಾ ಮಾಲೀಕರ ಕೂಡ ಕಡಿಮಿ ಮಾತಾಡ್ತೇನಿ."

ಅವರಿಗೆ ಒಬ್ಬಳೇ ಮಗಳು. ದೈಹಿಕ ಶಿಕ್ಷಣ ಓದುತ್ತಿದ್ದಳು. ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ಕಾಲೇಜಿನ ಕಡೆಯಿಂದ ಹಿಮಾಚಲದ ಒಂದು ಹಿಮ ಶಿಬಿರಕ್ಕೆ ಹೋದವಳು, ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಬೆಟ್ಟದ ಮೇಲಿಂದ ಜಾರುವ ಆಟ ಕಲಿತು ಬಂದಳು. ಸ್ನೋಬೋರ್ಡ್. ನಮ್ಮ ಓಣಿಯಲ್ಲಿ ಅದಕ್ಕೆ ಕೂಡಲೇ 'ಹಲಗಿ ಆಟ' ಎಂದು ಹೆಸರಾಯಿತು. ಆದರೆ ಅಲ್ಲಿದ್ದ ಹಲಗೆಗಳೆಲ್ಲ ಅವಳ ಹಣೆಯವರೆಗೆ ಬರುವಂಥವು.

"ನಾ ಅದನ್ನ ಓಡಸ್ತಿದ್ದಿಲ್ಲ ಅಬ್ಬಾ, ಅದೇ ನನ್ನ ಎಳ್ಕೊಂಡು ಹೋಗ್ತಿತ್ತು" ಅಂದಳು.

ಕಲಿಸುವವರು ಖಡಾಖಂಡಿತವಾಗಿ ಹೇಳಿದ್ದರಂತೆ: ಮುಂದಿನ ಜನವರಿಯಲ್ಲಿ ಮೇಲಿನ ತರಬೇತಿಗೆ ಪರೀಕ್ಷೆ ಇದೆ, ನಿನ್ನ ಅಳತೆಯ ಹಲಗೆ ನೀನೇ ತಂದರೆ ಕೂರಿಸುತ್ತೇವೆ, ಈ ದೊಡ್ಡ ಹಲಗೆಯ ಮೇಲೆ ಕೂರಿಸುವುದಿಲ್ಲ, ಕಾಲು ಮುರಿದುಕೊಳ್ಳುತ್ತೀ. ಅದರ ಮರುವರ್ಷ ಅವಳಿಗೆ ವಯಸ್ಸು ಮೀರುತ್ತಿತ್ತು. ಹೊರದೇಶದ ಹಲಗೆಯ ಬೆಲೆಯನ್ನು ಫೋನಿನಲ್ಲಿ ಒಂದು ಸಲ ನೋಡಿ, ಫೋನು ಮಗುಚಿ ಇಟ್ಟಳು. ಆ ಮಾತು ಮತ್ತೆ ಬರಲಿಲ್ಲ.

ಆದರೆ ಫೋನಿನಲ್ಲೇ ಇನ್ನೊಂದು ಸಿಕ್ಕಿತು. ಯಾವನೋ ಗಡ್ಡದ ವಿದೇಶಿ ತನ್ನ ಮನೆಯ ಕಾರ್ ಶೆಡ್ಡಿನಲ್ಲಿ ಹಲಗೆ ಮಾಡುವ ವಿಡಿಯೋ. ಎರಡೂ ತುದಿ ಮೇಲಕ್ಕೆ ಬಾಗಿದ ಒಂದು ಅಚ್ಚು. ಅದರ ಮೇಲೆ ಜಾರುವ ಪ್ಲಾಸ್ಟಿಕ್ ಹಾಳೆ, ಅಂಚಿಗೆ ಉಕ್ಕಿನ ಪಟ್ಟಿ, ಅಂಟಿನಲ್ಲಿ ನೆನೆಸಿದ ಗಾಜಿನ ನೂಲಿನ ಬಟ್ಟೆ, ನಡುವೆ ತೆಳು ಮರ, ಮತ್ತೆ ಬಟ್ಟೆ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ, ಪಂಪಿನಿಂದ ಒಳಗಿನ ಗಾಳಿ ಎಳೆದುಬಿಡುವುದು. ಆಗ ಹೊರಗಿನ ಗಾಳಿಯೇ ಚೀಲವನ್ನು ಒತ್ತಿ ಹಿಡಿಯುತ್ತದೆ. ಅಂಟು ಗಟ್ಟಿಯಾಗುವ ಹೊತ್ತಿಗೆ ಎಲ್ಲ ಪದರ ಒಂದಾಗಿ ಅಚ್ಚಿನ ಬಾಗು ಹಿಡಿದಿರುತ್ತವೆ.

ಚಾಚಾ ವಿಡಿಯೋವನ್ನು ನೋಡಲಿಲ್ಲ, ಕೇಳಿದರು.

"ಇವನ ಪಂಪಿನ ಬೇರಿಂಗ್ ಹೋಗ್ಯಾದ" ಅಂದರು. ಆಮೇಲೆ, "ಇಷ್ಟೇ ಏನು? ಗ್ಯಾಸ್ ತುಂಬೂಕ್ಕಿಂತ ಮೊದಲ ಪೈಪಿನಾಗಿನ ಗಾಳಿ ಎಳೆಯೂದು ನನ್ನ ದಿನದ ಕೆಲಸ. ಅಲ್ಲಿ ಪೈಪು, ಇಲ್ಲಿ ಚೀಲ."

"ಚಾಚಾ, ನೀವು ಹಿಮಾ ಎಲ್ಲಿ ನೋಡೀರಿ?" ಅಂದೆ ನಾನು.

"ಮೂವತ್ತು ವರ್ಷದಿಂದ ಕೆರ್ಯಾಕತ್ತೇನಿ ಮಾರಾಯಾ, ಫ್ರೀಜರ್‌ದಾಗಿಂದು!"

ಅವರ ಮಗಳು ಶಿಬಿರದಲ್ಲಿ ಒಂದು ಸಣ್ಣ ಹಲಗೆಯ ಚಿತ್ರ ನೋಡಿ ಬರೆದುಕೊಂಡ ಅಳತೆಗಳಿದ್ದವು. ಮರದ ಅಡ್ಡಪಟ್ಟಿಗಳ ಮೇಲೆ ಹಳೆ ಫ್ರಿಜ್ ಬಾಗಿಲುಗಳ ತಗಡು ಬಡಿದು ಅಚ್ಚು ಮಾಡಿದರು. ಒಳಗಿನ ತಿರುಳಿಗೆ ಹೆಬ್ಬೇವು, ಬಿದಿರಿನ ಪಟ್ಟಿಗಳು. ಜಾರುವ ಹಾಳೆ, ಅಂಟು, ಬಟ್ಟೆ, ಉಕ್ಕಿನ ಪಟ್ಟಿ ಪುಣೆಯಿಂದ ಬಂದವು; ಎರಡು ಹಲಗೆಗೆ ಆಗುವಷ್ಟು, ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ. ಒಂದು ಹಳೆ ಕಂಪ್ರೆಸರೇ ಪಂಪು. ನನ್ನ ಕೆಲಸ ಲೆಕ್ಕ ಹಾಕುವುದು ಮತ್ತು ಅನುಮಾನ ಪಡುವುದು. ಚೀಲದ ಮೇಲೆ ಎಷ್ಟು ಟನ್ ಭಾರ ಬೀಳುತ್ತದೆ ಎಂದು ನಾನು ಕಾಗದದಲ್ಲಿ ತೋರಿಸಿದಾಗ ಚಾಚಿ ಬಾಗಿಲಲ್ಲೇ ನಿಂತು, "ಹಂಗಾದ್ರ ನಾವೆಲ್ಲಾ ಯಾಕ ಚಪ್ಪಟಿ ಆಗಿಲ್ಲೋ?" ಅಂದರು. ಒಳ್ಳೆಯ ಪ್ರಶ್ನೆ. ನಾನು ಉತ್ತರ ಮುಗಿಸುವಷ್ಟರಲ್ಲಿ ಅವರು ಒಳಗೆ ಹೋಗಿ ಚಹಾ ಮಾಡಿ ತಂದಿದ್ದರು.

ಮೊದಲ ಸಲ ಒತ್ತಿದ್ದು ನವೆಂಬರಿನಲ್ಲಿ. ಚೀಲ ಚೆನ್ನಾಗಿಯೇ ಒಳಕ್ಕೆ ಅಂಟಿತು, ಆದರೆ ಅಂಚಿನಲ್ಲೆಲ್ಲೋ ಸಣ್ಣಗೆ ಸುಂಯ್ ಅನ್ನುತ್ತಿತ್ತು. ಚಾಚಾ ಬ್ರಷ್ಷಿನಿಂದ ಬಟ್ಟೆ ಸಾಬೂನಿನ ನೊರೆ ಹಚ್ಚಿದರು. ಫ್ರಿಜ್ಜಿನವರು ಸೋರಿಕೆ ಹುಡುಕುವುದೇ ಹಾಗೆ: ತುಂಬಿದ ಪೈಪಿಗೆ ನೊರೆ ಹಚ್ಚಿದರೆ ಗ್ಯಾಸು ಹೊರಬರುವಲ್ಲಿ ಗುಳ್ಳೆ ಏಳುತ್ತದೆ. ಇಲ್ಲಿ ಗುಳ್ಳೆ ಏಳಲಿಲ್ಲ. ಸಪ್ಪಳ ನಿಂತಿತು. ಎಲ್ಲರಿಗೂ ಖುಷಿ.

ಮೂರು ದಿನದ ಮೇಲೆ ಹಲಗೆ ಹೊರಬಂತು. ನಿಂಬರ್ಗಾ ರಸ್ತೆಯಲ್ಲಿ ಒಂದು ಬೇಳೆ ಗಿರಣಿಯ ಹಿಂದೆ ತೊಗರಿ ಹೊಟ್ಟಿನ ದೊಡ್ಡ ರಾಶಿ ಇರುತ್ತಿತ್ತು, ಮನೆಯ ಮಾಳಿಗೆಗಿಂತ ಎತ್ತರ. ಅದೇ ನಮ್ಮ ಹಿಮಾಲಯ. ಅವರ ಮಗಳು ಪಟ್ಟಿಯಿಂದ ಬೂಟನ್ನು ಹಲಗೆಗೆ ಬಿಗಿದುಕೊಂಡು ತುದಿಯಿಂದ ಜಾರಿದಳು. ಹೊಟ್ಟು ಎರಡೂ ಕಡೆ ಹಾರಿತು, ನಮ್ಮ ಮೂಗು, ಬಾಯಿ ಎಲ್ಲ ತೊಗರಿ. ಗಿರಣಿಯ ಹೆಣ್ಣಾಳುಗಳು ಕೆಲಸ ಬಿಟ್ಟು ಬಂದರು.

"ಏ ಬೇ, ಹತ್ತಾಕ ಒಂದು ತಾಸು, ಇಳಿಯಾಕ ಒಂದು ಚಿಟಕಿ. ಇದೆಂಥಾ ಆಟ ಬೇ ಇದು!"

"ನೀವೂ ಬರ್ರಿ ಅಕ್ಕಾ!"

ಒಬ್ಬಾಕೆ ಸೆರಗು ಸಿಕ್ಕಿಸಿಕೊಂಡು ಹತ್ತಿಯೂಬಿಟ್ಟರು, ಹಲಗೆಯ ಮೇಲೆ ಕೂತೇ ಜಾರಿದರು, ಕಿರುಚಿದ್ದು ಬಹುಶಃ ಕಡಗಂಚಿಗೆ ಕೇಳಿರಬೇಕು. ಆಮೇಲೆ ಮತ್ತೆ ಅವರ ಮಗಳ ಸರದಿ. ಅರ್ಧ ಇಳಿದಿದ್ದಳು, ಚಟ್ ಎಂದಿತು. ಹಲಗೆಯ ಮೇಲಿನ ಪದರ ಹಪ್ಪಳದ ಹಾಗೆ ಎದ್ದು ನಿಂತಿತ್ತು.

ಅದನ್ನು ಪೂರ್ತಿ ಕಿತ್ತು ನೋಡಿದೆವು. ಒಳಗೆ ಒಂದು ಜಾಗದಲ್ಲಿ ಅಂಟು ಹಿಡಿದೇ ಇರಲಿಲ್ಲ. ಮರ ನುಣ್ಣಗಿತ್ತು, ಬಟ್ಟೆ ಸಾಬೂನಿನ ವಾಸನೆ. ಗಾಳಿ ಎಳೆಯುವ ಚೀಲದಲ್ಲಿ ಸೋರಿಕೆ ಹೊರಗೆ ಊದುವುದಿಲ್ಲ, ಒಳಗೆ ಹೀರುತ್ತದೆ. ಹಚ್ಚಿದ ನೊರೆಯನ್ನೆಲ್ಲ ಅದು ಕುಡಿದಿತ್ತು.

ಮಗಳು ಎದ್ದು ಹೋಗಿ ಮೂಲೆಯ ಸಾಮಾನು ಎಣಿಸಿದಳು. ಉಳಿದದ್ದು ಒಂದೇ ಹಲಗೆಯ ಸಾಮಾನು, ಪರೀಕ್ಷೆಗೆ ಒಂದೂವರೆ ತಿಂಗಳು. ಚಾಚಾ ಮುರಿದ ಹಲಗೆಯನ್ನು ಮೂಸಿ ನೋಡಿ, "ನಂದೇ ತಪ್ಪು ಬೇಟಾ. ರೂಢಿ ಬಿದ್ದ ಕೈ, ಸಾಬೂನಿನ ಕಡೆನೇ ಹೋತು" ಅಂದರು. ನಂತರ ನನ್ನ ಕಡೆ ತಿರುಗಿ, "ಒಗದು ಒಣಗಿಸಿದ ಹಲಗಿ ದುನಿಯಾದಾಗ ಇದೊಂದೇ ಇರಬೇಕು, ಏನೋ ಎಮ್ಮೆಸ್ಸಿ?" ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು. ದಿನಾ ಗಾಳಿ ಎಳೆಯುವ ಮಿಸ್ತ್ರಿಯೇ ಹೀಗೆ ಮಾಡಿದ ಕಥೆಯನ್ನು ಆಮೇಲೆ ನಾನು ಎಷ್ಟು ಮದುವೆ ಊಟಗಳಲ್ಲಿ, ಎಷ್ಟು ಬಸ್ಸುಗಳಲ್ಲಿ ಹೇಳಿದ್ದೇನೋ!

ಎರಡನೆಯ ಸಲ ಒತ್ತಿದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ಚೀಲ ಮತ್ತೆ ಸುಂಯ್ ಅಂದಿತು. ಚಾಚಾ ಕೈ ಎತ್ತಿದರು. "ಯಾರೂ ಏನೂ ಹಚ್ಚಬ್ಯಾಡ್ರಿ. ನನಗ ಕೇಳಸ್ಬೇಕು." ಆದರೆ ಎದುರಿಗೆ ಹಿಟ್ಟಿನ ಗಿರಣಿ, ಪಕ್ಕದಲ್ಲಿ ಚಹಾದಂಗಡಿಯ ಹಾಡು. ನಾನು ಓಡಿಹೋಗಿ ಹಾಡು ನಿಲ್ಲಿಸಿದೆ. ಗಿರಣಿಯೂ ನಿಂತಿತು. ಜೋಳದ ಬುಟ್ಟಿ ಇಟ್ಟುಕೊಂಡು ಪಾಳಿಯಲ್ಲಿದ್ದ ಒಬ್ಬ ಅಜ್ಜಿ ಕೇಳಿದರು:

"ಯಾಕ್ ನಿಂದರ್ಸೀರಿ? ಕರೆಂಟ್ ಹೋತೇನು?"

"ಇಲ್ಲ ಆಯೀ, ಚಾಚಾ ಕೇಳಾಕತ್ತಾರ."

"ಏನ್ ಕೇಳಾಕತ್ತಾರ?"

"ಗಾಳಿ."

ಅಜ್ಜಿ ಒಂದು ನಿಮಿಷ ಯೋಚಿಸಿ, ತಾವೂ ಬಾಯಿಗೆ ಸೆರಗು ಹಿಡಿದು ಸುಮ್ಮನಾದರು. ಇಡೀ ಓಣಿ ಉಸಿರು ಹಿಡಿದಂತಾಯಿತು. ಚಾಚಾ ಮೊಣಕಾಲೂರಿ ಚೀಲದ ಅಂಚಿನ ಉದ್ದಕ್ಕೂ ಕಿವಿ ಸರಿಸುತ್ತ ಹೋದರು, ಒಂದೊಂದು ಅಂಗುಲ. ಮೂಲೆಯಲ್ಲಿ ನಿಂತರು. "ಹಾಂ. ಇಲ್ಲಿ ಕುಂತಾಳ." ಎ.ಸಿ. ಪೈಪಿಗೆ ಮೆತ್ತುವ ಅಂಟುಮೇಣ ಮುಗಿದಿತ್ತು. ಚಾಚಿ ಎಣ್ಣೆ ಹಾಕಿ ನಾದಿದ ಮೈದಾ ಹಿಟ್ಟು ತಂದು ಆ ಮೂಲೆಗೆ ಒತ್ತಿದರು. ಸಪ್ಪಳ ನಿಂತಿತು. ಚಹಾದಂಗಡಿಯವನು ಹಾಡನ್ನು ಮೊದಲಿಗಿಂತ ಜೋರಾಗಿ ಹಚ್ಚಿದ. ಅಂಟು ಗಟ್ಟಿಯಾದ ಮೇಲೆ ಹಲಗೆಯನ್ನು ಮಾಳಿಗೆಯ ಮೇಲೆ ನಾಲ್ಕು ದಿನ ಬಿಸಿಲಿಗೆ ಇಟ್ಟರು, ಚಾಚಿಯ ಸಂಡಿಗೆಯ ಪಕ್ಕದಲ್ಲಿ.

ಕೌದಿಯಲ್ಲಿ ಸುತ್ತಿದ ಹಲಗೆಯೊಂದಿಗೆ ಅವಳು ರೈಲು ಹತ್ತಿದಳು. ಇಸ್ತ್ರಿ ಮಾಡುವ ಹಲಗೆಯೇ ಎಂದು ಸೊಲ್ಲಾಪುರ ದಾಟುವುದರೊಳಗೆ ನಾಲ್ಕು ಜನ ಕೇಳಿದರಂತೆ.

ಪರೀಕ್ಷೆಯ ದಿನ ಅವಳ ಗೆಳತಿ ಅಲ್ಲಿಂದ ವಿಡಿಯೋ ಕರೆ ಮಾಡಿದಳು. ಅಂಗಡಿಯೊಳಗೆ ಹತ್ತು ಜನ ಒಂದು ಫೋನಿಗೆ ಮುಗಿಬಿದ್ದಿದ್ದೆವು. ಬಿಳಿ ಬೆಟ್ಟದ ಮೇಲೆ ಒಂದು ಕೆಂಪು ಚುಕ್ಕೆ, ಎಡಕ್ಕೆ, ಬಲಕ್ಕೆ, ಎಡಕ್ಕೆ. ಚಾಚಾ ಫೋನು ಕಸಿದುಕೊಂಡು ಕಿವಿಗೆ ಹಿಡಿದರು.

"ಅಯ್ಯ ಚಾಚಾ, ನೋಡೂದು ಅದನ್ನ!" ಅಂದೆ.

"ಸುಮ್ಮನಿರೋ" ಅಂದರು. ಕಣ್ಣು ಮುಚ್ಚಿದ್ದವು. ಅವಳು ಗೆಳತಿಯ ಹತ್ತಿರಕ್ಕೆ ಇಳಿದಂತೆ, ಹಿಮದ ಮೇಲೆ ಉಕ್ಕಿನ ಅಂಚು ಎಳೆಯುವ ಸಪ್ಪಳ ಹೊರಗೆ ನಮಗೂ ಸಣ್ಣಗೆ ಕೇಳುತ್ತಿತ್ತು. ಅದು ನಿಂತ ಮೇಲೆ ಕಣ್ಣು ತೆರೆದು, "ಎಲ್ಲೂ ಬಿಟ್ಟಿಲ್ಲ. ಒಂದೇ ದನಿ ಅದ" ಅಂದರು. ಅವಳು ಪಾಸಾದ ಸುದ್ದಿ ಬರಲು ಇನ್ನೂ ಎರಡು ತಾಸು ಇತ್ತು. ಅವರು ಆಗಲೇ ಓಣಿಗೆಲ್ಲ ಚಹಾ ಹೇಳಿದ್ದರು.

ಇದನ್ನು ಬರೆಯಲು ಕೂತಾಗ ನನಗೆ ನನ್ನದೇ ಕಥೆಯ ಮೇಲೆ ಅನುಮಾನ ಬಂತು. ವ್ಯಾಕ್ಯೂಮ್ ಕೆಲಸವನ್ನೇ ಉಂಡು ಉಟ್ಟ ಮನುಷ್ಯ ಸಾಬೂನು ಹಚ್ಚುತ್ತಾರೆಯೇ? ಅಂಗಡಿಗೆ ಹೋಗಿ ಕೇಳಿದೆ. "ಯಾವಾಗಿನ್ದೋ ಮಾತು ತೆಗೀತಿ. ನಂದೇ ಕೈ ಅಂತ ಅವತ್ತೇ ಹೇಳಿಲ್ಲೇನು? ಚಹಾ ಕುಡಿ" ಅಂದರು. ಈಗ ಬೇರೆಯವರಿಗೆ ಹಿಮದಾಟ ಕಲಿಸುವ ಅವರ ಮಗಳನ್ನು ಕೇಳಿದೆ. ಮೊದಲ ಹಲಗೆ ಒತ್ತಿದ ದಿನ ತಾನು ಫೋನಿನಲ್ಲಿ ತೆಗೆದ ವಿಡಿಯೋವನ್ನು ಅವಳು ಹುಡುಕಿ ಕಳಿಸಿದಳು.

ಅದರಲ್ಲಿ ಚೀಲ ಸುಂಯ್ ಅನ್ನುತ್ತಿದೆ. ಚಾಚಾ ಕಿವಿ ಬಗ್ಗಿಸಿದ್ದಾರೆ. "ತಡೀರಿ, ಕೇಳಾಕತ್ತೇನಿ" ಅನ್ನುತ್ತಾರೆ. ಸಾಬೂನು ಅವರ ಕೈಗೆ ಸಿಗುವಷ್ಟು ಹತ್ತಿರವೂ ಇಲ್ಲ. ಆಗ ಪಕ್ಕದಿಂದ ಒಂದು ದನಿ, ಭಾರೀ ಭರವಸೆಯ ದನಿ: "ಎಷ್ಟೊತ್ತು ಕೇಳ್ತೀರಿ ಚಾಚಾ, ನೊರಿ ಹಚ್ರಿ, ಒಂದು ನಿಮಿಷದಾಗ ತಿಳೀತದ." ಅವರು ತಲೆಯೆತ್ತಿ ಆ ಕಡೆ ನೋಡುತ್ತಾರೆ, ಏನೋ ಹೇಳಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲೇ ಒಂದು ಕೈ ಅವರ ಮುಂದೆ ಸಾಬೂನಿನ ಬಟ್ಟಲು ಚಾಚುತ್ತದೆ.

ನಾಲ್ಕು ಸಲ ಹಾಕಿ ನೋಡಿದೆ. ದನಿ ನನ್ನದು. ಕೈಯೂ ನನ್ನದೇ.