ಹಾಲು-ಬೆಣ್ಣೆ ಹೋಟೆಲಿನಲ್ಲಿ ಒಂದು ಚಿಟಿಕೆ ಸಕ್ಕರೆ

ಹ್ಯಾರೋದಿಂದ ಹೊರಟ ಟ್ಯೂಬು ರೈಲು ಊರೊಳಗೆ ತಲುಪುವಷ್ಟರಲ್ಲಿ ನಾನು ಅವ್ವನ ಸೆರಗನ್ನು ಎಷ್ಟು ಸಲ ಸರಿಮಾಡಿದೆನೋ ಗೊತ್ತಿಲ್ಲ. ಕೊನೆಗೆ ಅವ್ವನೇ ನನ್ನ ಕೈ ದೂಡಿ, "ನನ್ನ ಸೆರಗು ಬಿಡು. ಮೊದಲ ನಿನ್ನ ಕಾಲು ಕುಣಿಸೋದು ನಿಲ್ಲಸು, ಎದುರಿನವರು ನೋಡಾಕತ್ತಾರ" ಅಂದಳು. ಕಾಲು ನಿಲ್ಲಿಸಿದೆ. ಬೆರಳು ಶುರುವಾದವು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮದುವೆಯಾಗಬೇಕೆಂದಿದ್ದ ಹುಡುಗ ಯಹೂದಿ, ತಂದೆಯಿಲ್ಲದ ಮನೆಯ ಒಬ್ಬನೇ ಮಗ. "ಅಮ್ಮ ಬೇಡ ಅಂದರೆ ನನ್ನ ಕೈಯಲ್ಲಿ ಆಗೋದಿಲ್ಲ" ಎಂದು ನೇರವಾಗಿ ಹೇಳಿಬಿಟ್ಟಿದ್ದ. ಮೂವತ್ತರ ಹತ್ತಿರದ ಗಂಡಸು ಹೀಗೆ ಹೇಳಿದರೆ ಯಾರಿಗೆ ಮೈ ಉರಿಯುವುದಿಲ್ಲ? ಆದರೆ ಬೈಯಲು ನನಗೆ ಬಾಯಿ ಇರಲಿಲ್ಲ. ಅವ್ವ ಒಲ್ಲೆ ಅಂದರೆ ನನ್ನ ಕೈಯಲ್ಲೂ ಆಗುತ್ತಿರಲಿಲ್ಲ. ಅಪ್ಪನಂತೂ "ನಿಮ್ಮವ್ವ ಹ್ಞೂಂ ಅಂದ್ರ ನಂದೂ ಹ್ಞೂಂ" ಎಂದು ಪೇಪರ್ ಅಡ್ಡ ಹಿಡಿದು ಪಾರಾಗಿದ್ದ. ಹಾಗಾಗಿ ನನ್ನ ಮದುವೆ ಆಗುವುದೋ ಬಿಡುವುದೋ ಎಂಬುದು ಈ ಒಂದು ಊಟದ ಮೇಲೆ ನಿಂತಿತ್ತು.

ಇಬ್ಬರು ತಾಯಂದಿರನ್ನು ಎಲ್ಲಿ ಕೂಡಿಸುವುದು ಎಂಬುದೇ ದೊಡ್ಡ ತಲೆನೋವು. ಅವ್ವ ಧಾರವಾಡದ ಲಿಂಗಾಯತರ ಮನೆಯವಳು. ಇಂಗ್ಲಿಷರ ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ಹೊರಗೆ ಉಣ್ಣುವುದೆಂದರೆ ಟೂಟಿಂಗಿನ ದೋಸೆ ಹೋಟೆಲು ಮಾತ್ರ, ಅಲ್ಲಿಯೂ ಹಂಚಿನ ವಿಚಾರಣೆ ಮಾಡಿಯೇ ಕೂರುವವಳು. ಅವನ ತಾಯಿ ತಮ್ಮ ಧರ್ಮದ ಊಟದ ಕಟ್ಟಳೆಯನ್ನು, ಕೋಷರ್ ಅನ್ನುವುದನ್ನು, ಒಂದು ದಿನವೂ ಮೀರಿದವರಲ್ಲ. ಜಾಗ ಹುಡುಕಿದ್ದು ಕೊನೆಗೆ ಅವರೇ. "ಅದು ಡೈರಿ ರೆಸ್ಟೋರೆಂಟ್. ನಮ್ಮಲ್ಲಿ ಹಾಲು ಮಾಂಸ ಎರಡೂ ಕೂಡುವಂತಿಲ್ಲವಲ್ಲ, ಆ ಅಡುಗೆಮನೆಯೊಳಗೆ ಮಾಂಸ ಬರುವುದೇ ಇಲ್ಲ" ಎಂದು ಅವನು ಫೋನಿನಲ್ಲಿ ಹೇಳಿದಾಗ ನಾನು ಕುಣಿದುಬಿಟ್ಟೆ. ಅವ್ವನಿಗೆ ಹೋಗಿ, "ಹಾಲು-ಬೆಣ್ಣಿ ಹೋಟೆಲ್ ಅವ್ವಾ, ನೀ ಕಣ್ಣು ಮುಚ್ಚಿ ಉಣಬಹುದು" ಅಂದೆ.

ಅವ್ವ ಕಣ್ಣು ಮುಚ್ಚಿರಲಿಲ್ಲ, ಅದೇ ಆದದ್ದು. ಒಳಗೆ ಬೆಳ್ಳನೆಯ ಮೇಜುಬಟ್ಟೆ, ಹೊಳೆಯುವ ಚಮಚಗಳು, ಒಂದೊಂದು ಮೇಜಿಗೂ ತಾಜಾ ಹೂವು. ಅವನ ತಾಯಿ ನೀಲಿ ಉಡುಪಿನಲ್ಲಿ, ಕೊರಳಿಗೆ ಮುತ್ತಿನ ಸರ ಹಾಕಿಕೊಂಡು, ನೆಟ್ಟಗೆ ಕೂತಿದ್ದರು. ಅವ್ವ ಇಳಕಲ್ ಸೀರೆಯಲ್ಲಿ ಅವರಿಗಿಂತ ನೆಟ್ಟಗೆ ಕೂತಳು. ನಡುವೆ ನಾನು ಅವರ ಇಂಗ್ಲಿಷನ್ನು ಇತ್ತ, ಅವ್ವನ ಕನ್ನಡವನ್ನು ಅತ್ತ ಸಾಗಿಸುತ್ತಿದ್ದೆ. ಅವನು ಒಣಬ್ರೆಡ್ಡು ಮುರಿಯುತ್ತಿದ್ದ, ತಿನ್ನುತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮೇಜಿಗೆ ವೇಟರ್ ಒಂದು ದೊಡ್ಡ ತಟ್ಟೆ ತಂದಿಟ್ಟ. ಅದರಲ್ಲಿ ತಲೆ ಬಾಲ ಸಮೇತ ಇಡೀ ಮೀನು.

ಅವ್ವ ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ನೋವಾಯಿತು. "ಮಾಂಸ ಬರಂಗಿಲ್ಲ ಅಂದಿದ್ದೆಲ್ಲ?"

ನಾನು ಅವನ ಕಡೆ ನೋಡಿದೆ. ಅವನು ಬೆಪ್ಪಾಗಿ, "ಅದು ಮೀನು" ಅಂದ. ಅವರಿಗೆ ಮೀನು ಮಾಂಸದ ಲೆಕ್ಕದಲ್ಲಿಲ್ಲ. ಹುಟ್ಟಿದಾಗಿನಿಂದ ಹಾಗೆ ತಿಳಿದವನಿಗೆ ಅದನ್ನು ಬಿಡಿಸಿ ಹೇಳಬೇಕೆಂದು ಹೊಳೆದಿರಲಿಲ್ಲ. ಮಾಂಸವಿಲ್ಲ ಅಂದರೆ ಮೀನೂ ಇಲ್ಲ ಎಂದು ಹುಟ್ಟಿದಾಗಿನಿಂದ ತಿಳಿದ ನನಗೆ ಕೇಳಬೇಕೆಂದು ಹೊಳೆದಿರಲಿಲ್ಲ. ಅವನ ತಾಯಿಯ ಮುಖ ಇಳಿದುಹೋಯಿತು. "ನಿಮ್ಮ ತಾಯಿಗೆಂದೇ ಹುಡುಕಿದೆನಲ್ಲ" ಎಂದರು. ಅವ್ವ ಸೌಜನ್ಯಕ್ಕೆ ನಕ್ಕು, ಚಹಾ ಸಾಕು ಅಂದಳು. ಅತಿಥಿ ಉಣ್ಣದೆ ತಾನು ಉಣ್ಣಲಾರೆ ಎಂದು ಅವರೂ ಚಹಾ ಹೇಳಿದರು. ಬಂದ ಚಹಾವನ್ನು ಅವ್ವ ಮುಟ್ಟಲಿಲ್ಲ. ನನಗೆ ಎದ್ದು ಓಡಿಹೋಗೋಣ ಅನ್ನಿಸುತ್ತಿತ್ತು.

ಆಗ ಅವ್ವ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದಳು. ಯಾರೋ ಊರಿಂದ ತಂದುಕೊಟ್ಟ ಧಾರವಾಡ ಪೇಡೆ. "ಬರೇ ಹಾಲಿನ ಪದಾರ್ಥ. ಇವರ ಶಾಸ್ತ್ರಕ್ಕ ಅಡ್ಡಿ ಇಲ್ಲ ಅಂತ ಹೇಳು" ಅಂದಳು. ನನಗೆ ಗೊತ್ತೇ ಇರಲಿಲ್ಲ ಆಕೆ ಅದನ್ನು ಇಟ್ಟುಕೊಂಡು ಬಂದದ್ದು. ಮುಚ್ಚಳ ತೆರೆಯುವುದೇ ತಡ, ಅಡುಗೆಮನೆಯ ಕಟ್ಟಳೆ ನೋಡಿಕೊಳ್ಳುವ ಗಡ್ಡದವರೊಬ್ಬರು ಓಡಿಬಂದರು. ಹೊರಗಿನ ತಿನಿಸು ಇಲ್ಲಿ ಬಿಚ್ಚುವಂತಿಲ್ಲ, ದಯವಿಟ್ಟು ಕ್ಷಮಿಸಿ, ದಯವಿಟ್ಟು ಮುಚ್ಚಿ. ಅವನ ತಾಯಿಯೂ ಮೆಲ್ಲಗೆ ಹೇಳಿದರು: "ಹೊರಗಾದರೂ ನಾನು ತಿನ್ನಲಾರೆ. ಯಾವ ಪಾತ್ರೆಯಲ್ಲಿ ಮಾಡಿದ್ದಾರೋ ನನಗೆ ತಿಳಿಯದು."

ನಮ್ಮ ಊರಿನ ಪೇಡೆಯ ಪಾತ್ರೆಯನ್ನು ಅನುಮಾನಿಸುವುದೆಂದರೇನು? ಬೇಕಂತಲೇ ಒರಟಾಗಿ ಅವ್ವನಿಗೆ ತಿಳಿಸಿದೆ. ಅವ್ವ ಸಿಟ್ಟಾಗಲಿಲ್ಲ. ಬೆಳಗಿನಿಂದ ಬಿಗಿದುಕೊಂಡಿದ್ದ ಆಕೆಯ ಹೆಗಲು ಸಡಿಲಾಯಿತು.

"ಪಾತ್ರಿ ಕೇಳಿದ್ರ? ಕೇಳಬೇಕಾದ್ದs. ನಾನೂ ಕೇಳತೇನಲ್ಲ" ಅಂದಳು. ಆಮೇಲೆ ಚಹಾದ ಜೊತೆ ಬಂದಿದ್ದ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. "ಈ ಸಕ್ಕರಿ ಇವರ ಅಡಗಿಮನೀದs ಹೌದಲ್ಲ? ಒಣಾ ಪದಾರ್ಥ, ನನಗೂ ನಡೀತೈತಿ." ಒಂದು ಚಿಟಿಕೆ ತನ್ನ ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಯನ್ನು ಮೇಜಿನಾಚೆ ಅವರತ್ತ ಚಾಚಿದಳು.

ನಮ್ಮ ಕಡೆ ಮದುವೆಯ ಮಾತು ಗಟ್ಟಿಯಾಗುವುದು ಸಕ್ಕರೆಯಿಂದ. ಬೀಗರು ಬಾಯಿಗೆ ಹಾಕಿಕೊಂಡರೆ ಒಪ್ಪಿದಂತೆ, ಹಾಕಿಕೊಳ್ಳದೆ ಎದ್ದರೆ ಅಲ್ಲಿಗೆ ಮುಗಿಯಿತು. ಅಂದರೆ ಅವ್ವ ಒಪ್ಪಿಬಿಟ್ಟಿದ್ದಳು, ನನಗೊಂದು ಮಾತೂ ಹೇಳದೆ. "ಇದೇನು?" ಎಂದು ಅವನ ತಾಯಿ ಕೇಳಿದರು. ನಾನು ವಿವರಿಸಿದೆ.

ಅವರು ಅಂಗೈ ಚಾಚಿ ಸಕ್ಕರೆ ಇಸಿದುಕೊಂಡರು. ಬಾಯಿಗೆ ಹಾಕಿಕೊಳ್ಳಲಿಲ್ಲ. "ನಮ್ಮಲ್ಲಿ ಮಕ್ಕಳು ತಾಯಿಯ ಧರ್ಮಕ್ಕೆ ಸೇರುತ್ತವೆ. ನಿನ್ನ ಮಕ್ಕಳು ನಮ್ಮವರಾಗುವುದಿಲ್ಲ. ನನ್ನ ಅಪ್ಪ ಅಮ್ಮನ ವಂಶಕ್ಕೆ ಉಳಿದ ಕುಡಿ ಇವನೊಬ್ಬನೇ" ಎಂದು ಮುಷ್ಟಿ ಮುಚ್ಚಿದರು. ಅವನು ತಲೆ ತಗ್ಗಿಸಿದ. ಅದನ್ನು ಅವ್ವನಿಗೆ ಹೇಳುವಾಗ ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು, ಅಳು ಬರುತ್ತಿತ್ತು. ಅವ್ವ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

ಎದ್ದೆವು. ಅವರು ಒಂದೇ ಕೈಯಲ್ಲಿ ಕೋಟು ತೊಡಲು ಒದ್ದಾಡುತ್ತಿದ್ದರು, ಮಗ ತೋಳು ಹಿಡಿದು ತೊಡಿಸಿದ. ಆ ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಫುಟ್‌ಪಾತಿನಲ್ಲಿ ಚಳಿಗಾಳಿ ಬೀಸುತ್ತಿತ್ತು. ಗ್ಲೌಸು ಹಾಕಿಕೊಳ್ಳಲು ಹೋಗಿ, ಕೈ ಬಿಚ್ಚಿ ನೋಡಿದರು. ಬೆವರಿಗೆ ಸಕ್ಕರೆ ಕರಗಿ ಅಂಗೈಗೆ ಅಂಟಿತ್ತು. ಅದನ್ನು ಝಾಡಿಸಿಬಿಡುತ್ತಾರೆ ಎಂದು ನಾನು ಕಾದೆ. ಮುತ್ತಿನ ಸರದ ಆ ಹೆಂಗಸು ಬಸ್ಸಿಗೆ ನಿಂತ ಜನರ ಎದುರಿಗೇ ಅಂಗೈಯನ್ನು ಬಾಯಿಗೆ ಒತ್ತಿಕೊಂಡು ನೆಕ್ಕಿದರು. ಆಮೇಲೆ ನನ್ನ ಕಡೆ ತಿರುಗಿ, "ನನಗೆ ಸಂತೋಷವಾಗಿದೆ ಎಂದು ಮಾತ್ರ ತಿಳಿದುಕೊಳ್ಳಬೇಡ" ಎಂದರು.

"ಏನಂದ್ರು?" ಅವ್ವ ನನ್ನ ತೋಳು ಜಗ್ಗಿದಳು. ಇದ್ದದ್ದು ಇದ್ದ ಹಾಗೆ ಹೇಳಿದೆ.

"ನನಗೇನು ಭಾಳ ಸಂತೋಷ ಆಗೇತೇನು? ನನಗೂ ಆಗಿಲ್ಲಂತ ಹೇಳು ಆಕಿಗೆ."

ಒಂದು ಮಾತೂ ಬಿಡದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಒಂದು ಗಳಿಗೆ ಅವ್ವನನ್ನೇ ನೋಡಿ, ಆ ಅಂಟುಗೈಯಲ್ಲೇ ಆಕೆಯ ಕೈ ಹಿಡಿದುಕೊಂಡರು.